ಕಥೆಯಲ್ಲಿ ಹೀಗಿಲ್ಲವಂತೆ!

ನಿನ್ನೆ ಸಂಜೆ ಗೆಳೆಯರ ಬಳಗವೊಂದು 'ಗುಲಾಬಿ ಟಾಕೀಸ್' ಹಾಕಿತ್ತು. ಸಿನಿಮಾ ಮುಗಿದು ಇನ್ನೂ ಲೈಟು ಹಾಕಿರಲಿಲ್ಲ, ಹಿಂದಿನ ಸಾಲಿನಿಂದ ಬಂತು ನೋಡಿ: "ಕಥೆಯಲ್ಲಿ ಹೀಗಿಲ್ಲ." ಆಮೇಲೆ ಚರ್ಚೆ ಅಂತ ನಡೆದದ್ದು ಪೂರ್ತಿ ಇದೇ. ಅದು ಬಿಟ್ಟಿದ್ದಾರೆ, ಇದು ಸೇರಿಸಿದ್ದಾರೆ. ಇವರು ಸಿನಿಮಾ ನೋಡಲು ಬಂದಿದ್ದರೋ, ಪ್ರೂಫ್ ತಿದ್ದಲು ಬಂದಿದ್ದರೋ?

ಹೌದು ಸ್ವಾಮಿ, ಕಥೆಯಲ್ಲಿ ಹೀಗಿಲ್ಲ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. 2008ರ ಸಿನಿಮಾದಲ್ಲಿ ಗಿರೀಶ್ ಕಾಸರವಳ್ಳಿ ಅದನ್ನು ಟಿವಿ ಮಾಡಿದರು. ಕುಂದಾಪುರದ ಕಡೆಯ ಮೀನುಗಾರರ ಕುದ್ರು, ಅಂದರೆ ನಡುಗಡ್ಡೆ, ಕಾರ್ಗಿಲ್ ಯುದ್ಧದ ಕಾಲ. ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟಿವಿ, ಡಿಶ್ ಆಂಟೆನಾ ಸಿಗುತ್ತೆ. ಅಕ್ಕಪಕ್ಕದ ಹೆಂಗಸರು ಟಿವಿ ನೋಡಲು ಬರತೊಡಗುತ್ತಾರೆ. ಈಗ ಯೋಚಿಸಿ. ಟಾಕೀಸಿನಲ್ಲಿ ಟಿಕೆಟ್ ತಗೊಂಡು ಕೂತರೆ ಯಾರ ಮನೆಯ ಹೊಸ್ತಿಲೂ ದಾಟಬೇಕಿಲ್ಲ. ಗುಲಾಬಿಯ ಟಿವಿ ನೋಡಬೇಕಾದರೆ ದಾಟಲೇಬೇಕು. ಯಾರು ಬರುತ್ತಾರೆ, ಯಾರು ಬರಲ್ಲ, ಅದರಲ್ಲೇ ಊರಿನ ಮನಸ್ಸು ಗೊತ್ತಾಗುತ್ತೆ. ಒಂದು ಭಾಷಣವೂ ಬೇಡ. ಕೊನೆಗೆ ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸಿ ಕಳಿಸುತ್ತಾರೆ. ಅಷ್ಟು ದಿನ ಅತ್ತ ಸುಳಿಯದಿದ್ದ ಇಬ್ಬರು ಮುದುಕಿಯರು, ಅವಳಿಲ್ಲ ಅಂತ ಖಾತ್ರಿಯಾದ ಮೇಲೆ ಟಿವಿ ನೋಡಲು ಆ ಮನೆಗೆ ಹೋಗುತ್ತಾರೆ! ನನಗೆ ಅಲ್ಲಿ ಮೈ ಉರಿಯಿತು. ಹಿಂದಿನ ಸಾಲಿನವರಿಗೆ ಮಾತ್ರ 'ಹೀಗಿಲ್ಲ'. ಗುಲಾಬಿಯಾಗಿ ನಟಿಸಿದ ಉಮಾಶ್ರೀ ಬಗ್ಗೆ ಒಂದು ಮಾತೂ ಇಲ್ಲ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಸುಮ್ನೆ ಬಂತಾ?

ಬರೆದವರಿಗೆ ಮರ್ಯಾದೆ ಬೇಡವಾ ಅಂತೀರಿ. 'ನಾಗರಹಾವು' ನೋಡಿ ತ.ರಾ.ಸು. ಮುನಿಸಿಕೊಂಡ ಕಥೆ ನನಗೂ ಗೊತ್ತು. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದರೆ ಬರೆದವರಿಗೆ ಸಂಕಟ ಆಗದೆ ಇರುತ್ತಾ? ಅವರ ಸಿಟ್ಟು ಅವರದು. ನಿಮಗೇನ್ರೀ ಕಷ್ಟ? 1972ರಲ್ಲೇ ಅದರ ನಿರ್ದೇಶಕ ಪುಟ್ಟಣ್ಣ 'ಬಾರೆ ಬಾರೆ' ಹಾಡನ್ನು ಸ್ಲೋ ಮೋಷನ್‌ನಲ್ಲಿ ತೆಗೆದರಲ್ಲ, ಅದು ಕಾದಂಬರಿಯ ಯಾವ ಪುಟದಲ್ಲಿತ್ತು, ಹುಡುಕಿ ಹೇಳಿ.

ನಾನಂತೂ ಸಿನಿಮಾ ಮೊದಲು ನೋಡಿ, ಆಮೇಲೆ ಪುಸ್ತಕ ಓದುವವಳು. ಲೈಬ್ರರಿಯಲ್ಲಿ ಕೆಲಸ ಮಾಡಿಕೊಂಡು ಹೀಗನ್ನುತ್ತಾಳಲ್ಲ ಅಂತ ನಗುವವರು ನಗಲಿ. ಮೊದಲು ಓದಿದರೆ ತಲೆಯಲ್ಲಿ ನನ್ನದೇ ಒಂದು ಸಿನಿಮಾ ಓಡುತ್ತಿರುತ್ತೆ, ಎದುರಿನದು ಕಾಣಲ್ಲ.

ಮುಂದಿನ ಸಲ 'ಘಟಶ್ರಾದ್ಧ' ಅಂತೆ. ಕೊನೆಯಲ್ಲಿ ಯಮುನಕ್ಕ ಬೋಳು ತಲೆಯಲ್ಲಿ ಮರದ ಕೆಳಗೆ ಕೂತಿರುವಾಗ ಯಾರಾದರೂ ಬಾಯಿ ಬಿಟ್ಟರೆ ನಾನು ಸುಮ್ನಿರಲ್ಲ, ಈಗಲೇ ಹೇಳಿದ್ದೀನಿ.