ಅವ್ವನ ಚಟ್ನಿಪುಡಿ

"ಡ್ರೈಫ್ರೂಟ್ಸ್ ಅಲ್ವಾ, ಒಳ್ಳೇದೇ." ಈ ಮಾತನ್ನು ನಂಬಿ ನಾನು ಅವ್ವನನ್ನು ಅಪಾಯದ ಅಂಚಿಗೆ ತಂದಿದ್ದೆ.

ಅವ್ವನಿಗೆ ಕಿಡ್ನಿ ತೊಂದರೆ ಇದೆ. ಡಯಾಲಿಸಿಸ್‌ವರೆಗೆ ಹೋಗಿಲ್ಲ. ನೋಡಲು ಬಂದವರೆಲ್ಲ ಬಾದಾಮಿ, ಪಿಸ್ತಾ ಡಬ್ಬಿ ತಂದರು. ಶಕ್ತಿ ಬರಲಿ ಅಂತ ನಾನು ದಿನಾ ಒಂದು ಹಿಡಿ ಕೊಟ್ಟೆ. ಜೊತೆಗೆ ಎಳನೀರು. ಬಿಪಿಗೆ ಒಳ್ಳೆಯದೆಂದು ಲೋ ಸೋಡಿಯಂ ಉಪ್ಪು ಬೇರೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9 ಬಂತು. ಅದು 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕು. ಅವ್ವನಿಗೆ ಮೈಯಲ್ಲಿ ಏನೂ ಗೊತ್ತಾಗಿರಲಿಲ್ಲ. ನನಗೆ ಹೆದರಿಕೆಯಾಗಿದ್ದೇ ಅದಕ್ಕೆ. ಸೋತ ಕಿಡ್ನಿ ಹೊರಹಾಕಲಾಗದ ಪೊಟ್ಯಾಸಿಯಂ ಸದ್ದಿಲ್ಲದೆ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು.

ಮನೆಗೆ ಬಂದವಳೇ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಏರಿಸಿದೆ. ಶೇಂಗಾ ಚಟ್ನಿಪುಡಿಯನ್ನೂ ಬಿಡಲಿಲ್ಲ. ಅವ್ವ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಸುಮ್ನೆ ಕೂತಳು. "ಬರೇ ರೊಟ್ಟಿ ಗಂಟಲಾಗ ಹೆಂಗ ಇಳೀತದವಾ?" ಅಂದಳು. ನಾಲ್ಕೇ ದಿನಕ್ಕೆ ಊಟ ಅರ್ಧಕ್ಕಿಳಿಯಿತು.

ಡಯಟಿಷಿಯನ್ ಹತ್ತಿರ ಕೂತಾಗಲೇ ಗೊತ್ತಾಗಿದ್ದು, ನಾನು ಮಾಡಿದ್ದು ಎರಡೂ ತಪ್ಪು. ಮೊದಲು ನಿಲ್ಲಿಸಬೇಕಿದ್ದದ್ದು ಆ ಉಪ್ಪು. ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಎಳನೀರಿನಲ್ಲೂ ಒಂದು ಹಿಡಿ ಬಾದಾಮಿಗಿಂತ ಜಾಸ್ತಿ ಪೊಟ್ಯಾಸಿಯಂ ಇದೆ.

ಇನ್ನು ಬೀಜಗಳ ಲೆಕ್ಕ. 28 ಗ್ರಾಂ ಪಿಸ್ತಾದಲ್ಲಿ ಸುಮಾರು 290 ಮಿಲಿಗ್ರಾಂ ಪೊಟ್ಯಾಸಿಯಂ. ಬಾದಾಮಿ, ಶೇಂಗಾದಲ್ಲಿ 200ರ ಹತ್ತಿರ. ಅಕ್ರೋಟಿನಲ್ಲಿ ಸುಮಾರು 125. ಸೋತ ಕಿಡ್ನಿ ಸರಿಯಾಗಿ ಹೊರಹಾಕದ ಇನ್ನೊಂದು ಅಂಶ ರಂಜಕ, ಅಂದರೆ ಫಾಸ್ಫರಸ್. ಅದು ಗೋಡಂಬಿಯಲ್ಲಿ ಜಾಸ್ತಿ, ಅಕ್ರೋಟಿನಲ್ಲಿ ಕಡಿಮೆ. ಆದರೆ ಬೀಜದೊಳಗಿನ ರಂಜಕ ಪೂರ್ತಿ ಮೈಗೆ ಹತ್ತುವುದಿಲ್ಲ. ಕೋಲಾ, ಪ್ರೊಸೆಸ್ಡ್ ಚೀಸ್‌ಗೆ ಬೆರೆಸುವ ಫಾಸ್ಫೇಟ್ ರೂಪದ ರಂಜಕ ಹೆಚ್ಚುಕಡಿಮೆ ಎಲ್ಲವೂ ಹತ್ತುತ್ತದೆ. ಬಾದಾಮಿ ಮುಟ್ಟಬೇಡ ಅಂತ ಗದರುವ ನಾವೇ ಹಬ್ಬದ ದಿನ ಕೋಲಾ ಬಗ್ಗಿಸಿ ಕೊಡುತ್ತೇವೆ. ಬಾಟಲಿಯ ಹಿಂದೆ 338 ಅಂತ ಬರೆದಿದ್ದರೆ ಅದು ಫಾಸ್ಫಾರಿಕ್ ಆಸಿಡ್.

ಮನೆಯಲ್ಲಿ ತಕ್ಕಡಿ ಇಟ್ಟು ನೋಡಿದೆ. 28 ಗ್ರಾಂ ಅಂದರೆ ಬಾದಾಮಿ 23. ನಾನು "ಒಂದು ಹಿಡಿ" ಅಂತ ಕೊಡುತ್ತಿದ್ದದ್ದು 45 ಗ್ರಾಂ ಇತ್ತು! ಕೈಯ ಅಳತೆ ನಂಬಬೇಡಿ, ದಯವಿಟ್ಟು. ಉಪ್ಪು ಹಚ್ಚಿ ಹುರಿದ ಪ್ಯಾಕೆಟ್ಟಂತೂ ಬೇಡವೇ ಬೇಡ. ರಾತ್ರಿ ನೆನೆಸಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಆಕ್ಸಲೇಟ್ ಎಂಬ ಅಂಶದಿಂದ ಕಿಡ್ನಿಯಲ್ಲಿ ಕಲ್ಲು ಆದವರಿಗೆ, ಅದು ಹೆಚ್ಚಿರುವ ಬಾದಾಮಿ, ಗೋಡಂಬಿಯ ಲೆಕ್ಕ ಇನ್ನೂ ಬಿಗಿ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಪ್ರೋಟೀನ್ ಜಾಸ್ತಿ ಬೇಕು, ಅವರ ದಾರಿಯೇ ಬೇರೆ. ಹಾಗಾಗಿ ನಮ್ಮ ಮನೆಯ ಅಳತೆ ನಿಮಗೆ ಬರೆದುಕೊಡುತ್ತಿಲ್ಲ. ನಿಮ್ಮ ರಿಪೋರ್ಟ್ ಹಿಡಿದು ನಿಮ್ಮ ಡಾಕ್ಟರನ್ನೇ ಕೇಳಿ. "ತಿನ್ನಬಹುದಾ?" ಅಂತಷ್ಟೇ ಕೇಳಿ ಎದ್ದು ಬರಬೇಡಿ. ಯಾವುದು, ಎಷ್ಟು, ಯಾವುದನ್ನು ಬಿಟ್ಟು ಅಂತ ಕೇಳಿ.

ಕಿಡ್ನಿ ತೊಂದರೆ ಇರುವವರ ಮನೆಗೆ ಹೋಗುವಾಗ ಡ್ರೈಫ್ರೂಟ್ಸ್ ಡಬ್ಬಿ ಒಯ್ಯುವ ಮೊದಲು ಒಂದು ಫೋನ್ ಮಾಡಿ.

ಅವ್ವನ ಪೊಟ್ಯಾಸಿಯಂ ಈಗ 4.8. ರೊಟ್ಟಿಯ ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ವಾಪಸ್ ಬಂದಿದೆ. ಉಪ್ಪು ಕಡಿಮೆ ಹಾಕಿ, ಬೆಳ್ಳುಳ್ಳಿ ಜಾಸ್ತಿ ಹಾಕಿ ಅವಳೇ ಕುಟ್ಟುತ್ತಾಳೆ. ಪಂಚಮಿಗೆ ಒಂದೇ ಒಂದು ಶೇಂಗಾ ಉಂಡಿ ಕೇಳಿದಳು. ಅರ್ಧ ಮಾಡಿ ಕೊಟ್ಟೆ, ಉಳಿದರ್ಧ ನಾನು ತಿಂದೆ.