ಧಾರವಾಡಕ್ಕೆ ಉಬ್ಬರ ಬಂತು

ನಮ್ಮ ಬಡಾವಣೆ ಹಿಂದೆ ಒಂದು ಕೆರೆ ಇದೆ. ಸಾಧನಕೇರಿ, ಕೆಲಗೇರಿಯಂಥ ದೊಡ್ಡ ಹೆಸರಿನದಲ್ಲ. ಗೂಗಲ್ ಮ್ಯಾಪಿನಲ್ಲಿ ನೋಡಿದರೂ ಹಸಿರಾಗೇ ಕಾಣುತ್ತದೆ. ಅಷ್ಟು ಜಲಕಳೆ.

ಹೋದ ವರ್ಷ ಅದಕ್ಕೂ ಶುಕ್ರದೆಸೆ ಬಂತು. ಜೌಗು ಪ್ರದೇಶ ಉಳಿಸಲು, ದೇಸಿ ಗಿಡಗಳನ್ನು ಮತ್ತೆ ಬೆಳೆಸಲು ಕನ್ಸಲ್ಟೆಂಟ್ ಸಾಹೇಬರು ಬಂದರು. ಕಾರಿನ ಬಾಗಿಲು ತೆಗೆದರು, ಕೆಸರು ನೋಡಿದರು, ಬಾಗಿಲು ಹಾಕಿಕೊಂಡು ಡ್ರೋನ್ ಹಾರಿಸಿದರು. ಜೌಗಿನ ತಜ್ಞರಿಗೆ ಜೌಗು ಆಗಿಬರುವುದಿಲ್ಲ, ಪಾಪ.

ಮೂರು ತಿಂಗಳಿಗೆ ಡಿಪಿಆರ್, ಅಂದರೆ ಸವಿವರ ಯೋಜನಾ ವರದಿ ಬಂತು. ದಪ್ಪನೆಯ ಪುಸ್ತಕ, ಮುಖಪುಟದ ಮೇಲೆ ಪಟ್ಟೆತಲೆ ಹೆಬ್ಬಾತು. ಆ ಹಕ್ಕಿ ನಮ್ಮ ಕೆರೆಯದಲ್ಲ, ಗದಗ ಜಿಲ್ಲೆಯ ಮಾಗಡಿ ಕೆರೆಯ ಚಳಿಗಾಲದ ನೆಂಟ. ಹಿಮಾಲಯ ದಾಟಿ ಬರುತ್ತದೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಈ ಹಕ್ಕಿಯ ಫೋಟೊ ಇಲ್ಲದ ಡಿಪಿಆರ್ ಮುಂದಕ್ಕೇ ಹೋಗುವುದಿಲ್ಲವೇನೋ. ಆ ಹಕ್ಕಿಗೆ ಬೇಕಾದದ್ದು ಬಯಲು ನೀರು, ಸುತ್ತಲಿನ ಹೊಲದಲ್ಲಿ ಒಂದಿಷ್ಟು ಶೇಂಗಾ, ಕಡಲೆ. ಪೇವರ್ಸ್ ಹಾಕಿಸಿ, ಸಂಗೀತ ಕಾರಂಜಿ ಕೂಡಿಸಿ ಎಂದು ಅದು ಅರ್ಜಿ ಕೊಟ್ಟಿದ್ದಂತೂ ಕಾಣೆ. ಡಿಪಿಆರ್‌ನಲ್ಲಿ ಮಾತ್ರ ಎರಡೂ ಇದ್ದವು.

43ನೇ ಪುಟಕ್ಕೆ ಬಂದು ನಾನು ಕನ್ನಡಕ ಒರೆಸಿಕೊಂಡೆ. 'ಉಬ್ಬರದ ವೇಳೆ ಒಳಬರುವ ಉಪ್ಪುನೀರು ಕಾಂಡ್ಲಾ ಗಿಡಗಳಿಗೆ ಪೂರಕ' ಎಂದಿತ್ತು. ಕಾಂಡ್ಲಾ ಅಂದರೆ ಮ್ಯಾಂಗ್ರೋವ್, ಕಡಲಂಚಿನ ಉಪ್ಪುನೀರಿನ ಗಿಡ. ಯಾವುದೋ ಕರಾವಳಿ ಊರಿನ ವರದಿ. ಊರಿನ ಹೆಸರು ಅಳಿಸಿದವರು ಸಮುದ್ರ ಅಳಿಸುವುದನ್ನು ಮರೆತಿದ್ದರು. ಧಾರವಾಡ ಇರುವುದು ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿ. ಉಬ್ಬರ ಇಲ್ಲಿಗೆ ಬರಬೇಕಾದರೆ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಕಲಘಟಗಿ ದಾಟಬೇಕು.

ಆಮೇಲೆ ಅನ್ನಿಸಿತು, ಸಾಹೇಬರದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕೆರೆಗೆ ದಿನಾ ಉಬ್ಬರ ಬರುತ್ತದೆ. ಬೆಳಿಗ್ಗೆ 7ರಿಂದ 9. ಇಡೀ ಬಡಾವಣೆಯ ಸ್ನಾನ, ಬಟ್ಟೆ ಒಗೆಯುವುದು ಎಲ್ಲ ಆಗ. ಒಳಚರಂಡಿ ಪೈಪು ಕೆರೆಯಂಗಳದಲ್ಲೇ ಬಾಯಿ ಬಿಟ್ಟಿದೆ, ನೊರೆ ಮೊಳಕಾಲೆತ್ತರ ಏಳುತ್ತದೆ. ಅದರಲ್ಲಿನ ಸಾರಜನಕ, ರಂಜಕ ಉಂಡು ಜಲಕಳೆ ಕೊಬ್ಬುತ್ತದೆ. ಎರಡು ವಾರ ಬಿಟ್ಟರೆ ದುಪ್ಪಟ್ಟು. ಮಷಿನ್ ತಂದು ಎಷ್ಟು ಎತ್ತಿದರೂ ಪೈಪು ಮತ್ತೆ ಬಡಿಸುತ್ತಲೇ ಇರುತ್ತದೆ. ಆ ಪೈಪಿನ ಬಗ್ಗೆ ಡಿಪಿಆರ್‌ನಲ್ಲಿ ಒಂದು ಸಾಲು ಇಲ್ಲ. ಡ್ರೋನಿಗೆ ವಾಸನೆ ಬರುವುದಿಲ್ಲ ಅಲ್ವಾ?

ಕೆಲಸ ಶುರುವಾಯಿತು. ದಂಡೆಯಲ್ಲಿದ್ದ ಆಪು, ಜೇಕು, ಲಕ್ಕಿ, ಒಂದೆಲಗ, ಹೊನಗೊನ್ನೆ ಎಲ್ಲವನ್ನೂ ಜೆಸಿಬಿ ಒಂದೇ ದಿನದಲ್ಲಿ ಬಳಿದು ಹಾಕಿತು. ಇಳಿಜಾರು ದಂಡೆ ಹೋಗಿ ಕಲ್ಲಿನ ಗೋಡೆ ಬಂತು. ಪಾದ ಮುಳುಗುವಷ್ಟು ನೀರಿನಲ್ಲಿ ಓಡಾಡಿ ಹುಳ ಹೆಕ್ಕುತ್ತಿದ್ದ ಉಲ್ಲಂಕಿಗಳು ಎರಡು ದಿನ ಗೋಡೆ ಮೇಲೆ ಕೂತು ನೋಡಿ ಹೋದವು. ಮೂರನೇ ದಿನ ಟ್ರ್ಯಾಕ್ಟರಿನಲ್ಲಿ 'ದೇಸಿ ಸಸಿ' ಬಂದವು. ಕೋನೋಕಾರ್ಪಸ್! ಆಫ್ರಿಕಾ, ಅಮೆರಿಕದ ಕರಾವಳಿ ಕಡೆಯ ಗಿಡ. ಗುಜರಾತಿನವರು 2023ರಲ್ಲೇ ಬೇಡಪ್ಪಾ ಎಂದು ನಿಷೇಧಿಸಿದ್ದು. ಉಬ್ಬರ ಬರುವ ಊರಿಗೆ ಕರಾವಳಿಯ ಗಿಡ, ಲೆಕ್ಕ ತಪ್ಪಿಲ್ಲ ಬಿಡಿ.

ದಿನಾ ಸೊಪ್ಪು ಕೀಳಲು ಬರುವ ನಿಂಗವ್ವಾಯಿ ಸೊಂಟದ ಮೇಲೆ ಕೈ ಇಟ್ಟು ಸಸಿ ನೆಡುತ್ತಿದ್ದ ಹುಡುಗನನ್ನು ಕೇಳಿದಳು, "ಏನ್ ಹಚ್ಚಾಕತ್ತೀಯೋ ತಮ್ಮಾ?"

"ದೇಸಿ ಗಿಡ, ಆಯಿ."

"ಮತ್ತ ಮೊನ್ನೆ ಕಿತ್ತು ಒಗದ್ರೆಲ್ಲಾ, ಅವು ಯಾವ ದೇಶದ್ದೋ?"

ಹುಡುಗ ಗುದ್ದಲಿ ನೋಡಿದ. ಅವನಿಗೇನು ಗೊತ್ತು, ಕೂಲಿ ಆಳು.

ಬೇಸಿಗೆಯಲ್ಲಿ ಟ್ಯಾಂಕರ್ ಬಿಲ್ಲು ನಿಂತಿತು, ಸಸಿಗಳೂ ನಿಂತಲ್ಲೇ ಒಣಗಿದವು. ಮಳೆ ಬಿದ್ದ ಮೇಲೆ ಪೇವರ್ಸ್ ಸಂದಿಯಿಂದ ಹೊನಗೊನ್ನೆ ತಾನೇ ಎದ್ದು ಬಂತು. ಅದೇ ವಾರ ತಪಾಸಣೆಗೆ ಬಂದವರು ಹಸಿರು ಕಂಡು ಸಂತೋಷಪಟ್ಟು, ಫೋಟೊ ತೆಗೆದು, ಸಸಿಗಳು ಚೆನ್ನಾಗಿ ಹತ್ತಿಕೊಂಡಿವೆ ಎಂದು ಬರೆದುಕೊಂಡು ಹೋದರು.

ಮರುದಿನ ನಿಂಗವ್ವಾಯಿ ಪಲ್ಯಕ್ಕೆಂದು ನಾಲ್ಕು ಕುಡಿ ಚಿವುಟಿದ್ದೇ ತಡ, ವಾಚ್‌ಮನ್ ಸೀಟಿ ಊದುತ್ತ ಓಡಿ ಬಂದ.

"ಆಯೀ, ಮುಟ್ಟಬ್ಯಾಡ! ಅದು ಪ್ರಾಜೆಕ್ಟಿನ ಗಿಡ!"