ಏರಿ ಮೇಲೆ ಏರಿಲ್ಲ

ಭಾನುವಾರ ಬೆಳಗಾಗುವ ಹೊತ್ತಿಗೆ ಮಂಡ್ಯ ಸೀಮೆಯ ನಮ್ಮೂರ ನಾಲೆ ಹತ್ತಿರ ಬೆಂಗಳೂರಿನ ಕಾರುಗಳು ಬಂದು ನಿಲ್ಲುತ್ತವೆ. ಒಂದೊಂದರ ಬೆನ್ನಿಗೂ ಎರಡು ಮೂರು ಸೈಕಲ್ ಕಟ್ಟಿರುತ್ತದೆ. ಇಳಿದವರು ಸೈಕಲ್ ಬಿಚ್ಚುತ್ತಾರೆ, ಕಳಚಿಟ್ಟ ಚಕ್ರ ಸಿಕ್ಕಿಸುತ್ತಾರೆ, ಹೆಲ್ಮೆಟ್ ಹಾಕಿಕೊಳ್ಳುತ್ತಾರೆ, ಕೈಗೊಂದು ಗವಸು, ಕಣ್ಣಿಗೊಂದು ಕಪ್ಪು ಕನ್ನಡಕ. ಒಂದು ಸೈಕಲ್ಲಿನ ಬೆಲೆಗೆ ಒಂದು ಜೊತೆ ಒಳ್ಳೆ ಎತ್ತು ಬರುತ್ತವೆ. ಇದನ್ನೆಲ್ಲ ತೂಬಿನ ಹತ್ತಿರ ಕೂತು ನೋಡುತ್ತಿದ್ದ, ಗದ್ದೆಗಳಿಗೆ ನೀರು ಬಿಡುವ ನಮ್ಮೂರ ನೀರುಗಂಟಿ ಮಾವ ಒಂದು ದಿನ ನನ್ನನ್ನು ಕೇಳಿದ: "ಅಲ್ಲ ಕಣಪ್ಪಾ, ಸೈಕಲ್‌ಗೆ ಏನಾಗಿತ್ತಂತೆ? ಕಾರಲ್ಲಿ ಹೊತ್ಕೊಂಡ್ ಬಂದವ್ರಲ್ಲ, ಹುಷಾರಿರಲಿಲ್ವಾ ಅದ್ಕೆ?"

ಮಾವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಉತ್ತರ ಹೇಳುವಾಗಲೇ ನಗು ಬರುವುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಎಂಜಿನ್ ಇಲ್ಲದ ಗಾಡಿ ಯಾವುದೂ ಬರಬಾರದು ಎಂದಾಯಿತು. ಎಂಜಿನ್ ಇಲ್ಲದ ಗಾಡಿ ಅಂದರೆ ಸೈಕಲ್ಲೂ ಬಂತು. ಕಾರಣ ಸರಿಯಾಗಿಯೇ ಇದೆ ಬಿಡಿ. ನೂರರ ವೇಗದಲ್ಲಿ ಹೋಗುವ ಕಾರುಗಳ ಮಧ್ಯೆ ಸೈಕಲ್ ತುಳಿಯುವುದು ಬುದ್ಧಿ ಇರುವವರ ಕೆಲಸವಲ್ಲ. ಆದರೆ ನಿಯಮವನ್ನು ಇನ್ನೊಂದು ಸಲ ಓದಿ ನೋಡಿ. ಸೈಕಲ್ ಮೇಲೆ ಮನುಷ್ಯ ಕೂತರೆ ಒಳಗೆ ಬಿಡುವುದಿಲ್ಲ. ಕಾರಿನ ಮೇಲೆ ಸೈಕಲ್ ಕೂತರೆ ಟೋಲ್ ತೆಗೆದುಕೊಂಡು ಬಿಡುತ್ತಾರೆ. ಹೀಗೆ ಪೆಡಲ್ ಒಂದು ಸುತ್ತೂ ತಿರುಗದೆ ಸೈಕಲ್ಲೊಂದು ನೂರು ಕಿಲೋಮೀಟರ್ ಬರುತ್ತದೆ, ಊರು ನೋಡುತ್ತದೆ, ಸಂಜೆ ಮತ್ತೆ ಕಾರಿನ ಬೆನ್ನೇರಿ ಹೋಗುತ್ತದೆ. ಇದಕ್ಕೆ ಸೈಕಲ್ ಪ್ರವಾಸ ಅನ್ನುತ್ತಾರೆ. ಹೆಸರಿನಲ್ಲಿ ಮೋಸವಿಲ್ಲ. ಪ್ರವಾಸ ಮಾಡುವುದು ಸೈಕಲ್ಲೇ.

ಪಕ್ಕದಲ್ಲಿ ಸರ್ವೀಸ್ ರಸ್ತೆ ಇದೆಯಲ್ಲ ಅನ್ನಬಹುದು. ಇದೆ. ಅಲ್ಲಿ ತುಳಿದುಕೊಂಡು ಬಂದವನು ನಾನು. ಎಡಕ್ಕೆ ಬೋಂಡದ ಗಾಡಿ, ಬಲಕ್ಕೆ ಟ್ರ್ಯಾಕ್ಟರ್, ಎದುರಿಗೆ ರಾಂಗ್ ಸೈಡಿನಲ್ಲಿ ಹಾಲಿನ ವ್ಯಾನು. ಮದ್ದೂರು ವಡೆ ಬಾಯಿಗೆ ಬೀಳುವವರೆಗೆ ಮನೆದೇವರ ನೆನಪು ಜಾಸ್ತಿ.

ಇಷ್ಟು ಕಷ್ಟಪಟ್ಟು ಇವರು ನಮ್ಮ ಕಡೆಯೇ ಯಾಕೆ ಬರುತ್ತಾರೆ? ಏರು ಇಲ್ಲ, ಅದಕ್ಕೆ. ಗುಡ್ಡಗಳೇ ಇಲ್ಲ ಅಂತಲ್ಲ. ಕುಂತಿಬೆಟ್ಟ, ಕರಿಘಟ್ಟ ಎಲ್ಲವೂ ಅತ್ತಿತ್ತ ನಿಂತು ನೋಡುತ್ತಿರುತ್ತವೆ. ಆದರೆ ನಾಲೆ ಪಕ್ಕ ಹಿಡಿದು ಹೊರಟರೆ ಹತ್ತುವ ಮಾತೇ ಇಲ್ಲ. ನೀರಿಗೆ ಹತ್ತಲು ಬರುವುದಿಲ್ಲ. ನೀರು ಹೋದ ದಾರಿಯಲ್ಲಿ ಹೋದವನಿಗೂ ಹತ್ತುವ ಕೆಲಸ ಬೀಳುವುದಿಲ್ಲ. ಏರಿ ಮೇಲೆ ಏರಿಲ್ಲ, ಅಷ್ಟೇ ಲೆಕ್ಕ. ವಿರಿಜಾ, ಚಿಕ್ಕದೇವರಾಯ ಸಾಗರ, ಬಂಗಾರದೊಡ್ಡಿ ನಾಲೆಗಳನ್ನು ತೋಡಿದವರಿಗೆ ಇದು ಗೊತ್ತಿತ್ತು. ಆಮೇಲೆ ಬಂದ ವಿಶ್ವೇಶ್ವರಯ್ಯ ನಾಲೆಗೆ, ನಮ್ಮ ಅಜ್ಜಂದಿರ ಬಾಯಲ್ಲಿ ಇರ್ವಿನ್ ನಾಲೆಗೆ, ಹುಲಿಕೆರೆ ಹತ್ತಿರ ದಿಣ್ಣೆ ಅಡ್ಡ ಬಂದಾಗ ನೀರನ್ನು ಹತ್ತಿಸಲು ಹೋಗಲಿಲ್ಲ. ಸುರಂಗ ಕೊರೆದು ಒಳಗಿಂದಲೇ ದಾಟಿಸಿದರು.

ನೀರಿಗೆ ಏರು ಆಗದು ಎಂದು ದಿಣ್ಣೆ ಕೊರೆದ ನಾಡಿದು. ಈಗ ಅದೇ ನಾಲೆ ಪಕ್ಕದ ಊರುಗಳಲ್ಲಿ ಒಂದೊಂದು ಮನೆ ಮುಂದೆ ಒಂದೊಂದು ಹಂಪ್ಸ್. ಕೆಲವು ಹಂಪ್ಸ್ ಹಾಕಿಸಿದವರು ಯಾರು ಎಂದು ಊರಿಗೇ ಗೊತ್ತಿಲ್ಲ, ರಾತ್ರಿ ಇರಲಿಲ್ಲ, ಬೆಳಿಗ್ಗೆ ಇತ್ತು. ಬೆಂಗಳೂರಿನವರು ರೈಡ್ ಮುಗಿಸಿ ಮೊಬೈಲ್ ತೆಗೆದು "ಎಲಿವೇಶನ್ ಎಷ್ಟು ಬಂತು?" ಎಂದು, ಅಂದರೆ ಒಟ್ಟು ಎಷ್ಟು ಎತ್ತರ ಹತ್ತಿದೆವು ಎಂದು, ಒಬ್ಬರನ್ನೊಬ್ಬರು ಕೇಳುತ್ತಾರೆ. ನಮ್ಮ ಕಡೆ ಎತ್ತರದ ಲೆಕ್ಕ ಇದ್ದದ್ದು ಒಂದೇ, ಕೆಆರ್‌ಎಸ್ 124.80 ಅಡಿ ಮುಟ್ಟಿತಾ ಇಲ್ವಾ ಅಂತ. ಈಗ ಹಂಪ್ಸ್‌ಗಳನ್ನೂ ಕೂಡಿಸಿದರೆ ನಂದಿಬೆಟ್ಟ ಹತ್ತಿದ ಪುಣ್ಯ ಇಲ್ಲೇ ಸಿಗಬಹುದು.

ನಮ್ಮಲ್ಲೂ ಸೈಕಲ್ ಪಥ ಮಾಡುತ್ತೇವೆ ಎನ್ನುವವರು ಅದನ್ನು ಹೇಗೆ ಮಾಡುವುದು ಎಂದು ನೋಡಿಬರಲು ಹೊರದೇಶಕ್ಕೆ ಹೋಗಬೇಕು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಪಾಪ, ಹೋಗಲಿ. ಜರ್ಮನಿಯ ಪಾಸೌ ಊರಿನಿಂದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ದಡದಲ್ಲಿ 300 ಕಿಲೋಮೀಟರಿಗೂ ಉದ್ದದ ಸೈಕಲ್ ದಾರಿ ಇದೆ. ಮುದುಕರು, ಮಕ್ಕಳು ಎಲ್ಲರೂ ಆರಾಮಾಗಿ ತುಳಿಯುತ್ತಾರೆ. ಅದರ ಗುಟ್ಟು ಏನೆಂದರೆ, ಹಿಂದೆ ದಡದ ಮೇಲೆ ಕುದುರೆಗಳು ನಡೆದು ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದವು. ಕುದುರೆ ಹೋದ ಮೇಲೆ ಆ ದಾರಿಯ ಬಹುಪಾಲನ್ನು ಸೈಕಲ್ಲಿಗೆ ಬಿಟ್ಟುಕೊಟ್ಟರು. ಇದನ್ನು ತಿಳಿದುಕೊಳ್ಳಲು ಹತ್ತು ಜನ ವಿಮಾನ ಹತ್ತಬೇಕಾಗಿಲ್ಲ. ನಮ್ಮ ನೀರುಗಂಟಿ ಮಾವ ಮೂವತ್ತು ವರ್ಷದಿಂದ ಏರಿ ಮೇಲೆ ಸೈಕಲ್ ತುಳಿಯುತ್ತಿದ್ದಾನೆ. ಹ್ಯಾಂಡಲ್ಲಿಗೆ ಬುತ್ತಿ, ಕ್ಯಾರಿಯರ್ ಮೇಲೆ ಗುದ್ದಲಿ, ವಾಪಸ್ ಬರುವಾಗ ಅದರ ಮೇಲೊಂದು ಹುಲ್ಲಿನ ಹೊರೆ. ಯಾರೂ ಅವನನ್ನು ಕೇಳಲಿಲ್ಲ. ಅವನದು ಪ್ರವಾಸವಲ್ಲವಲ್ಲ.

ಏರಿ ಮೇಲಿನ ದಾರಿಗೆ ಹತ್ತುವ ಜಾಗದಲ್ಲಿ ನಾನು ಎರಡು ಬೋರ್ಡು ನೋಡಿದೆ. ಹಳೆಯದರಲ್ಲಿ "ಸಾರ್ವಜನಿಕರಿಗೆ ಪ್ರವೇಶವಿಲ್ಲ" ಎಂದಿದೆ. ಹೊಸದರಲ್ಲಿ ಸೈಕಲ್ ಚಿತ್ರ ಬರೆದು ಸುಸ್ವಾಗತ ಕೋರಿದ್ದಾರೆ. ಎರಡಕ್ಕೂ ಒಂದೇ ಕಂಬ. ಸದ್ಯಕ್ಕೆ ಅದಕ್ಕೆ ಎಮ್ಮೆ ಕಟ್ಟುತ್ತಾರೆ, ಎಮ್ಮೆ ಎರಡನ್ನೂ ಪಾಲಿಸುತ್ತದೆ.

ಬೋರ್ಡಿಗೆ ಸಿಗುವ ಬಜೆಟ್ಟು ತಡೆಗೋಡೆಗೆ ಸಿಗುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ನಂತರವೂ ಕಾರುಗಳು ನಾಲೆಗೆ ಬಿದ್ದ ಸುದ್ದಿ ನಿಂತಿಲ್ಲ. ಇದರ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮುಂದಕ್ಕೆ ಹೋಗೋಣ.

ಹೋಗುವುದಾದರೂ ಎಲ್ಲಿ, ಮುಂದೆ ಒಕ್ಕಣೆ. ಸುಗ್ಗಿ ಕಾಲದಲ್ಲಿ ನಮ್ಮ ರಸ್ತೆ ತುಂಬ ಹುರುಳಿ, ರಾಗಿ ಹಾಸಿರುತ್ತಾರೆ. ಕಣ ಮಾಡುವ ಜಾಗದಲ್ಲಿ ಸೈಟು ಎದ್ದಿದೆ, ರೈತ ತಾನೇ ಎಲ್ಲಿಗೆ ಹೋಗಬೇಕು? ಹೋಗಿಬರುವ ಲಾರಿ, ಕಾರು ಬಿಟ್ಟಿಯಾಗಿ ತುಳಿದುಕೊಡುತ್ತವೆ. ಬೆಂಗಳೂರಿನ ಸೈಕಲ್ ಅದರ ಮೇಲೆ ಹೋದರೆ ಕಾಳೂ ಉದುರುವುದಿಲ್ಲ, ಸೈಕಲ್ಲೂ ಮುಂದೆ ಹೋಗುವುದಿಲ್ಲ. ಹುರುಳಿ ಬಳ್ಳಿ ಗೇರಿಗೆ ಸುತ್ತಿಕೊಂಡು ಕೂತುಬಿಡುತ್ತದೆ. ಅಜ್ಜಿಯೊಬ್ಬಳು ಬಂದು ಬಿಡಿಸಿಕೊಟ್ಟಳು. ಬಿಡಿಸಿದ ಬಳ್ಳಿಯಲ್ಲಿದ್ದ ನಾಲ್ಕು ಕಾಯಿಯನ್ನೂ ಎಣಿಸಿ ಮಡಿಲಿಗೆ ಹಾಕಿಕೊಂಡಳು.

ಪಂಚರ್ ಆದರೆ ಕಥೆ ಬೇರೆ. ಅವರ ಟ್ಯೂಬಿನ ವಾಲ್ವ್ ಪೆನ್ಸಿಲ್ ಮೊನೆಯ ಹಾಗೆ ಸಣ್ಣದು, ಅದಕ್ಕೆ ಪ್ರೆಸ್ಟಾ ಅನ್ನುತ್ತಾರೆ. ನಮ್ಮ ಪಂಚರ್ ಅಂಗಡಿಯವನ ಪಂಪು ಅದಕ್ಕೆ ಹಿಡಿಯುವುದಿಲ್ಲ. ಅವನು ಸೈಕಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾ, ಇದ್ಕೆ ಬಾಯೇ ಇಲ್ವಲ್ಲ ಸಾ, ಉಣ್ಸೋದೆಂಗೆ?" ಎಂದ. ವಾಲ್ವ್ ಮೇಲೆ ಕೂರಿಸಿ ಪಂಪು ಹಿಡಿಸುವ ಚಿಕ್ಕ ಪಿನ್ನು ಒಂದಿದ್ದರೆ ಸಾಕಿತ್ತು. ಸೈಕಲ್ ಪಥ ಮಾಡುತ್ತೇವೆ ಎಂದವರು ಆ ಪಿನ್ನು ನಾಲ್ಕು ಅಂಗಡಿಗೆ ಹಂಚಿದ್ದರೂ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಪಿನ್ನನ್ನು ಟೇಪು ಕತ್ತರಿಸಿ ಉದ್ಘಾಟನೆ ಮಾಡಲು ಆಗುವುದಿಲ್ಲ ನೋಡಿ.

ಸರ್ಕಾರ ಸೈಕಲ್ ವಿಷಯದಲ್ಲಿ ಏನೂ ಮಾಡಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ನಾಲೆ ಪಕ್ಕ ಜಡೆ ಹೆಣೆದ ಹುಡುಗಿಯರು ಸಾಲಾಗಿ ಹೋಗುತ್ತಿದ್ದರು. ನಾನು ನೋಡಿದ ಒಂದೇ ಒಂದು ಸರಿಯಾದ ಸೈಕಲ್ ಪಥ ಅದು. ಬೋರ್ಡು ಇರಲಿಲ್ಲ. ಕೋವಿಡ್ ಬಂದ 2020-21ರಲ್ಲಿ ಅದು ನಿಂತಿತು. ಮತ್ತೆ ಶುರು ಮಾಡುತ್ತೇವೆ ಎಂಬ ಮಾತು ಆಗಾಗ ಬಂದು ಹೋಗುತ್ತದೆ, ನಾಲೆಗೆ ಸರದಿ ಮೇಲೆ ಕಟ್ಟು ನೀರು ಬಿಟ್ಟ ಹಾಗೆ.

ಇನ್ನು ಜಾಥಾ. ಜೂನ್ 3 ವಿಶ್ವ ಸೈಕಲ್ ದಿನ ಎಂದು ವಿಶ್ವಸಂಸ್ಥೆ 2018ರಲ್ಲಿ ಗೊತ್ತು ಮಾಡಿದೆ. ನಮ್ಮ ಕಡೆಯೂ ಒಮ್ಮೆ ಆಯಿತು, ನದಿ ಬಯಲಿನ ಸೈಕಲ್ ಪ್ರವಾಸಕ್ಕೆ ಚಾಲನೆ ಎಂದು. ಹದಿನೆಂಟು ಕಾರು, ಒಂದು ಆಂಬುಲೆನ್ಸ್, ಒಂದು ಡ್ರೋನು ಬಂದವು. ಶಾಮಿಯಾನ, ಹಾರ, ಮೈಸೂರು ಪೇಟ ಎಲ್ಲ ಇತ್ತು. ಗಣ್ಯರು ವೇದಿಕೆ ಇಳಿದು ಹಸಿರು ಬಾವುಟ ಹಿಡಿದ ಮೇಲೆ ಒಬ್ಬರಿಗೆ ಹೊಳೆಯಿತು, ಸೈಕಲ್ ತಂದಿಲ್ಲ.

ಓಡಾಟ ಶುರುವಾಯಿತು. ಮೈಸೂರಿನ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ತರಿಸೋಣ ಎಂದು ಒಬ್ಬರು, ಅಷ್ಟು ಹೊತ್ತು ಸಾಹೇಬರು ಬಿಸಿಲಲ್ಲಿ ನಿಲ್ಲುತ್ತಾರಾ ಎಂದು ಇನ್ನೊಬ್ಬರು. ಅಷ್ಟರಲ್ಲಿ ತೂಬಿಗೆ ನೀರು ತಿರುಗಿಸಲು ಹೊರಟಿದ್ದ ಮಾವ ಕಣ್ಣಿಗೆ ಬಿದ್ದ. ಗುದ್ದಲಿ, ಬುತ್ತಿ ಕೆಳಗಿಳಿಸಿದರು. ಸೈಕಲ್ಲಿಗೆ ಬಲೂನು ಕಟ್ಟಿದರು. ಸಾಹೇಬರು ಉದ್ದ ಆಳು, ಸೀಟು ಎತ್ತರಿಸಿದರು. ಇಬ್ಬರು ಹಿಡಿದುಕೊಂಡರು, ನಾಲ್ವರು ಹಿಂದೆ ಓಡಿದರು, ಡ್ರೋನು ಮೇಲೆ ಹಾರಿತು. ಶಾಮಿಯಾನದಿಂದ ಕಾರಿನವರೆಗೆ ತುಳಿದರು. ನಾನು ಹೆಜ್ಜೆ ಹಾಕಿ ಅಳೆದೆ, ಎಂಬತ್ತು ಹೆಜ್ಜೆ.

ಮಾವ ಅವತ್ತು ಗುದ್ದಲಿ ಹೆಗಲಿಗಿಟ್ಟು ನಡೆದೇ ತೂಬಿಗೆ ಹೋಗಿ ಬಂದ. ಸಂಜೆ ಸೈಕಲ್ ಕಂಬಕ್ಕೆ ಒರಗಿಸಿಟ್ಟಿದ್ದರು, ಬಲೂನು ಒಂದು ಉಳಿದಿತ್ತು. ಹತ್ತಲು ಹೋದ, ಕಾಲು ಪೆಡಲ್ಲಿಗೆ ಎಟುಕಲಿಲ್ಲ. ಸೀಟು ಇಳಿಸೋಣ ಎಂದು ಸ್ಪ್ಯಾನರ್ ಹುಡುಕಿದೆವು. ಅದು ಅವರ ಕಾರಿನದಂತೆ. ಅಷ್ಟು ಹೊತ್ತಿಗೆ ಆ ಕಾರು ಎಕ್ಸ್‌ಪ್ರೆಸ್‌ವೇ ಹತ್ತಿಯಾಗಿತ್ತು.